ಹಾಲಿನ ಗಾಡಿಗೂ ಪ್ರಶ್ನೆ ಕೇಳಿ

ಅಕ್ಕಂದಿರೇ, ಹಸು ಒಂದು ಹೊತ್ತು ಮೇಯುತ್ತದೆ, ಇನ್ನೊಂದು ಹೊತ್ತು ಬಿಡುತ್ತದೆ ಎಂದು ನೀವು ಹೇಳಿದರೆ, ಸೂಜಿ ಹಾಕುವ ಮೊದಲು ನಾವು ಕೇಳುತ್ತೇವೆ: ಯಾವಾಗಿನಿಂದ? ಏನು ತಿಂದ ಮೇಲೆ? ಆಗಾಗ ಎಳೆಯದೆ ಸೋಲುವ ಹಾಲಿನ ಪಿಕಪ್ ಗಾಡಿಗೂ ಇದೇ ಕ್ರಮ ಬೇಕು.

ಸರ್ಜಾಪುರ, ಎಲೆಕ್ಟ್ರಾನಿಕ್ ಸಿಟಿ ಕಡೆಯ ಟ್ರಾಫಿಕ್‌ನಲ್ಲಿ ಗಾಡಿ ಮೊದಲೇ ತಡ. ಹಾಲನ್ನು 4 ಡಿಗ್ರಿಗೆ ತಣಿಸುವುದು ತಡವಾದಷ್ಟೂ ಅದು ಹುಳಿಯುವ ಭಯ ಹೆಚ್ಚು. ಹಾಲು ವಾಪಸಾದರೆ ನಷ್ಟ ನಮ್ಮ ಸಂಘಕ್ಕೇ.

ಖಾಲಿ ಇದ್ದಾಗ ಚೆನ್ನಾಗಿ ಓಡಿ, ಕ್ಯಾನು ತುಂಬಿ ಫ್ಲೈಓವರ್ ಏರುವಾಗ ಸೋತರೆ ಡೀಸೆಲ್ ಫಿಲ್ಟರ್ ಕಟ್ಟಿರಬಹುದು. ಟ್ಯಾಂಕಿನ ಮುಚ್ಚಳ ತೆರೆದೊಡನೆ ಗಾಳಿ ಒಳಗೆಳೆದು ಗಾಡಿ ಸರಿಹೋದರೆ, ಮುಚ್ಚಳದ ಗಾಳಿ ತೂತು ನೋಡಿಸಿ. ಕಪ್ಪು ಹೊಗೆಯ ಜೊತೆ ಸುಯ್ ಎಂಬ ಸದ್ದು ಬಂದರೆ ಟರ್ಬೊ ಪೈಪು ಸೀಳಿರಬಹುದು. ಇವನ್ನು ನೋಡದೆ ಪಂಪು, ಇಂಜೆಕ್ಟರ್ ಬದಲಿಸುವುದು ಜ್ವರ ಅಳೆಯದೆ ಔಷಧ ಕೊಟ್ಟಂತೆ.

ಗಾಡಿಯಲ್ಲೊಂದು ನೋಟ್‌ಬುಕ್ ಇಡಿಸಿ. ಎಲ್ಲಿ ಸೋತಿತು, ಎಷ್ಟು ಹೊತ್ತಿಗೆ, ಎಷ್ಟು ಕ್ಯಾನಿತ್ತು, ಡೀಸೆಲ್ ಎಷ್ಟಿತ್ತು, ಯಾವ ದೀಪ ಹತ್ತಿತು ಎಂದು ಡ್ರೈವರ್ ಬರೆಯಲಿ. ಮೆಕ್ಯಾನಿಕ್‌ಗೆ ಮೊದಲು ಅದನ್ನೇ ತೋರಿಸಲಿ. ಗಾಡಿ ವಿಷಯ ಗಂಡಸರದ್ದು ಎಂದು ಬಿಡಬೇಡಿ. ಮುಂದಿನ ಸಂಘದ ಸಭೆಯಲ್ಲಿ ಆ ನೋಟ್‌ಬುಕ್ ತರಿಸಿ ಓದಿಸಿ.