ಉಳಿದವರ ಹೆಸರೂ ಇರಲಿ

ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಗೆಂದು ದಿನಾ ಬೆಳಿಗ್ಗೆ 1600 ಮೀಟರ್ ಓಡುವ ಸಾವಿರಾರು ಹುಡುಗರಲ್ಲಿ ನಾನೂ ಒಬ್ಬ. ಕಳೆದ ಅಕ್ಟೋಬರ್ 21ರಂದು ಓಟ ಮುಗಿಸಿ, ಗೆಳೆಯರ ಜೊತೆ ಪೊಲೀಸ್ ಹುತಾತ್ಮರ ದಿನದ ಕಾರ್ಯಕ್ರಮಕ್ಕೆ ಹೋಗಿದ್ದೆ. 1959ರ ಅದೇ ದಿನ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್ ಬಳಿ ಚೀನಾ ಸೈನಿಕರ ಗುಂಡಿಗೆ ನಮ್ಮ 10 ಪೊಲೀಸರು ಬಲಿಯಾಗಿದ್ದರು. ಹಿಂದಿನ ಒಂದು ವರ್ಷದಲ್ಲಿ ಕರ್ತವ್ಯದಲ್ಲಿ ಮಡಿದವರ ಹೆಸರು ಓದಿದರು, ಸ್ಮಾರಕಕ್ಕೆ ಹೂವಿಟ್ಟರು, ಗಾಳಿಯಲ್ಲಿ ಗುಂಡು ಹಾರಿಸಿದರು.

ವಾಪಸು ಬರುವಾಗ ಗೆಳೆಯನೊಬ್ಬ, ‘ಕಲ್ಲಿಗೆ ಸುರಿಯುವ ದುಡ್ಡನ್ನು ಆ ಮನೆಯವರಿಗೇ ಕೊಡಬಾರದಾ?’ ಎಂದ. ಪ್ರಶ್ನೆ ಸರಿಯೇ. ಆದರೆ ಪರಿಹಾರ ಕೊಟ್ಟ ಮಾತ್ರಕ್ಕೆ ಲೆಕ್ಕ ಮುಗಿಯುವುದಿಲ್ಲ. ದೆಹಲಿಯಲ್ಲಿ 2018ರಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಪೊಲೀಸ್ ಸ್ಮಾರಕದ ಗೋಡೆಯ ಮೇಲೆ 34 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಅಪ್ಪನ ಮುಖವೇ ನೆನಪಿಲ್ಲದ ಮಗು ಅಲ್ಲಿ ಅವನ ಹೆಸರನ್ನು ಬೆರಳಿಟ್ಟು ಓದಬಹುದು. ಅವರನ್ನು ಕೆಲಸಕ್ಕೆ ಕಳಿಸಿದ್ದು ಸರ್ಕಾರ. ಹೆಸರು ಬರೆಸುವ ಖರ್ಚೂ ಸರ್ಕಾರದ್ದೇ ಆಗಬೇಕು. ಏಪ್ರಿಲ್ 2ರ ಪೊಲೀಸ್ ಧ್ವಜ ದಿನದಂದು ಧ್ವಜ ಮಾರಿ ಬಂದ ಹಣ ಪೊಲೀಸರ ಕಲ್ಯಾಣಕ್ಕೇ ಇರಲಿ. ಸ್ಮಾರಕಗಳು ದೇಣಿಗೆಗಾಗಿ ಕಾಯುವಂತಾಗಬಾರದು.

ನನ್ನ ತಕರಾರು ಬೇರೆ. ನಮ್ಮ ಸೋದರಮಾವ ಕಾನ್‌ಸ್ಟೆಬಲ್. ರಾತ್ರಿ ಹೆದ್ದಾರಿಯಲ್ಲಿ ನಾಕಾಬಂದಿಗೆ ನಿಂತಿದ್ದಾಗ ಲಾರಿ ಗುದ್ದಿ ಬಲಗಾಲು ಹೋಯಿತು. ಈಗ ಠಾಣೆಯಲ್ಲಿ ಕುಳಿತು ಬರೆಯುವ ಕೆಲಸ. ‘ನೀವೂ ಬನ್ನಿ ಮಾವ’ ಎಂದು ಆ ದಿನ ಕರೆದಿದ್ದೆ. ‘ಅದು ಹೋದವರ ದಿನ ಕಣೋ. ನಾನು ಉಳಿದವನಲ್ವಾ?’ ಎಂದರು.

ಆ ಲಾರಿ ಇನ್ನೊಂದು ಅಡಿ ಈಚೆ ಬಂದಿದ್ದರೆ ಅವರ ಹೆಸರನ್ನೂ ಅಲ್ಲಿ ಓದುತ್ತಿದ್ದರು. ಬದುಕಿದ್ದಕ್ಕೆ ಗೌರವ ಕಡಿಮೆಯಾಗಬೇಕೇ? ಪ್ರತಿ ಜಿಲ್ಲೆಯ ಸ್ಮಾರಕದಲ್ಲೂ ಕರ್ತವ್ಯದಲ್ಲಿ ಅಂಗವಿಕಲರಾದವರಿಗೆ, ಅವರ ಒಪ್ಪಿಗೆ ಪಡೆದು, ಒಂದು ಫಲಕ ಇರಲಿ. ಅಕ್ಟೋಬರ್ 21ರಂದು ಮೊದಲ ಸಾಲಿನ ಕುರ್ಚಿಗಳು ಅವರಿಗೆ ಸಿಗಲಿ. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಬಜೆಟ್‌ನಲ್ಲಿ ಒಂದು ಸಾಲು ಸಾಕು.

ಮಾವ ಈಗಲೂ ಬೆಳಿಗ್ಗೆ ಮೈದಾನದ ಕಟ್ಟೆಯ ಮೇಲೆ ಕುಳಿತು ಗಡಿಯಾರ ಹಿಡಿದು ನನ್ನ ಓಟ ನೋಡುತ್ತಾರೆ. ಅದೇ ಖಾಕಿ ತೊಡಲು ಅರ್ಜಿ ಹಾಕುವ ನಾವೆಲ್ಲ ಈ ಪ್ರಶ್ನೆಯನ್ನು ಈಗಲೇ ಕೇಳಬೇಕಲ್ಲವೇ?