ಕಾಯಕದಲ್ಲಿ ಅಳುಕೇಕೆ?



ಕಳೆದ ಕಾರ್ತಿಕ ಮಾಸದಲ್ಲಿ ಶಂಕರಘಟ್ಟದ ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆ. ಪೂಜೆ, ಪ್ರಸಾದ ಮುಗಿದ ಮೇಲೆ ಮನೆಯ ಹಿರಿಯರು ನನ್ನನ್ನು ಜಗುಲಿಗೆ ಕರೆದು, “ಶಾಸ್ತ್ರಿಗಳೆ, ಮಗ ಕೆಲಸ ಬಿಡುತ್ತೇನೆ ಅನ್ನುತ್ತಾನೆ. ಕೈತುಂಬ ಸಂಬಳ, ನೆರಳಲ್ಲಿ ಕೂತು ಮಾಡುವ ಕೆಲಸ. ಅದೇನು ಭಯವೋ ತಿಳಿಯದು. ತಾವೊಂದು ಮಾತು ಹೇಳಬೇಕು” ಎಂದರು.

ಹುಡುಗ ಅಲ್ಲಿಯ ಜ್ಞಾನಸಹ್ಯಾದ್ರಿಯಲ್ಲೇ ಕಂಪ್ಯೂಟರ್ ವಿದ್ಯೆ ಕಲಿತವನು. ಈಗ ಬೆಂಗಳೂರಿನಲ್ಲಿ ಪ್ರಾಡಕ್ಟ್ ಮ್ಯಾನೇಜರ್. ಹಾಗೆಂದರೇನೆಂದು ಅವನನ್ನೇ ಕೇಳಿದೆ. ಏನನ್ನು ಮಾಡಬೇಕು, ಯಾರಿಗಾಗಿ ಮಾಡಬೇಕು, ಯಾವುದನ್ನು ಮೊದಲು ಮಾಡಿ ಯಾವುದನ್ನು ಕೈಬಿಡಬೇಕು ಎಂದು ನಿರ್ಣಯಿಸುವುದು ಅವನ ಕಾಯಕ. ಕಟ್ಟುವ ಇಂಜಿನಿಯರುಗಳು ಬೇರೆ, ಮಾರುವವರು ಬೇರೆ. ಸೋತರೆ ಉತ್ತರ ಹೇಳಬೇಕಾದವನು ಮಾತ್ರ ಇವನು. ಸಣ್ಣ ಅಂಗಡಿಯವರು ಫೋನಿನಲ್ಲೇ ಉದ್ರಿ ಲೆಕ್ಕ ಇಟ್ಟುಕೊಳ್ಳುವ ಒಂದು ಹೊಸ ವಿಧಾನವನ್ನು ಅವನು ಯೋಚಿಸಿದ್ದ. ಮೂರು ತಿಂಗಳಿಂದ ರಾತ್ರಿ ಬರೆಯುವುದು, ಬೆಳಿಗ್ಗೆ ಅಳಿಸುವುದು. “ಉಳಿದವರೆಲ್ಲ ಬಲ್ಲವರು, ಶಾಸ್ತ್ರಿಗಳೆ. ನನ್ನನ್ನು ಮಾತ್ರ ತಪ್ಪಿ ಬಲ್ಲವನೆಂದುಕೊಂಡಿದ್ದಾರೆ. ಒಂದು ದಿನ ಬಯಲಾಗುತ್ತದೆ” ಎಂದ. ಹೇಳುವಾಗ ಅವನ ಕಣ್ಣು ನೆಲವನ್ನು ನೋಡುತ್ತಿತ್ತು.

ಇದು ಸೋಮಾರಿತನವಲ್ಲ. ಇದ್ದುದನ್ನೇ ಮತ್ತೆ ಮಾಡುವವನಿಗೆ ಈ ಅಳುಕು ವಿರಳ. ಇಲ್ಲದಿರುವುದನ್ನು ಇದೆ ಎಂದು ಮಾಡಿ ತೋರಿಸಬೇಕಾದವನಿಗೆ ಅದು ನೆರಳಿನಂತೆ ಹಿಂಬಾಲಿಸುತ್ತದೆ.

ನಾನು ಅವನಿಗೆ ನೆರೆಯ ಭದ್ರಾವತಿಯನ್ನೇ ನೆನಪಿಸಿದೆ. ಅಲ್ಲಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರಲ್ಲಿ. ಅದಿರು ಕೆಮ್ಮಣ್ಣುಗುಂಡಿಯಲ್ಲಿತ್ತು, ಆದರೆ ಕಲ್ಲಿದ್ದಲು ಸಮೀಪದಲ್ಲೆಲ್ಲೂ ಇರಲಿಲ್ಲ. ಮಲೆನಾಡಿನ ಕಟ್ಟಿಗೆಯಿಂದ ಇದ್ದಿಲು ಮಾಡಿ ಅದಿರನ್ನು ಕರಗಿಸಬೇಕಿತ್ತು. ಅಷ್ಟರಲ್ಲಿ ಬೀಡುಕಬ್ಬಿಣದ ಬೆಲೆ ಕುಸಿಯಿತು, ನಷ್ಟ ಬಂತು, ಯೋಜನೆಯೇ ತಪ್ಪೆಂಬ ಟೀಕೆ ಎದ್ದಿತು. 1918ರಲ್ಲೇ ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿಕೊಂಡು 1929ರವರೆಗೆ ಅದನ್ನು ನಡೆಸಿದರು. ವೆಚ್ಚ ತಗ್ಗಿಸಿದರು, ನಮ್ಮವರಿಗೇ ಕೆಲಸ ಕಲಿಸಿದರು. ಟೀಕೆಗೆ ಉತ್ತರವನ್ನು ಮಾತಿನಲ್ಲಿ ಹುಡುಕದೆ ಕುಲುಮೆಯ ಬಳಿ ಹುಡುಕಿದರು. ಅದೇ ಕಾರ್ಖಾನೆಗೆ ನೂರು ತುಂಬಿದ 2023ರಲ್ಲಿ, ಅದನ್ನು ಮುಚ್ಚುತ್ತಾರೆಂಬ ಸುದ್ದಿ ಕೇಳಿ ಎಷ್ಟೋ ಮನೆಗಳು ತಲ್ಲಣಿಸಿದವು. ಗೆದ್ದ ಕೆಲಸವೂ ನಿತ್ಯವಲ್ಲ. ಹಾಗಿರುವಾಗ ಮಾಡಿದ ವಸ್ತುವಿನೊಳಗೆ ತನ್ನ ಪ್ರಾಣವನ್ನೇ ಇಟ್ಟವನಿಗೆ ನಿರ್ಭಯವೆಂಬುದು ಎಂದು ದೊರೆತೀತು?

ಈ ಗಂಟನ್ನು ನಮ್ಮ ಜಿಲ್ಲೆಯ ಬಳ್ಳಿಗಾವೆಯಲ್ಲಿ ಹುಟ್ಟಿದ ಅಲ್ಲಮಪ್ರಭುಗಳು ಬಲ್ಲರು. ಶೂನ್ಯಸಂಪಾದನೆಯಲ್ಲಿ ಅವರು ಸೊನ್ನಲಿಗೆಗೆ ಬರುವ ಪ್ರಸಂಗವಿದೆ. ಸಿದ್ಧರಾಮಯ್ಯನವರು ಸಾವಿರಾರು ಜನರಿಂದ ಕೆರೆ ಕಟ್ಟಿಸುತ್ತಿದ್ದರು. ಪ್ರಭುದೇವರು ಅವರನ್ನು ಒಡ್ಡನೆಂದು ಕರೆದು ಕೆಣಕಿದರು. ಜನ ಕೆರಳಿ ಕಲ್ಲೆಸೆದರು, ಸಿದ್ಧರಾಮಯ್ಯನವರೂ ಕೋಪಗೊಂಡರು. ಒಂದು ಮಾತಿಗೆ ಅಷ್ಟು ನೋವೇಕೆ? ಕೆರೆಯೊಳಗೆ ‘ನಾನು’ ಸೇರಿಕೊಂಡಿತ್ತು. ಕೆರೆ ಕಟ್ಟುವುದು ತಪ್ಪಲ್ಲ. ಕಟ್ಟಿದವನು ನಾನೆಂಬುದು ಉಳಿದರೆ ಹೊಗಳಿಕೆ ಉಬ್ಬಿಸುತ್ತದೆ, ತೆಗಳಿಕೆ ಕೊಲ್ಲುತ್ತದೆ. ಆ ಮಹಾಚೇತನ ಅದನ್ನು ಅರಿತು ಪ್ರಭುದೇವರೊಡನೆ ಕಲ್ಯಾಣಕ್ಕೆ ನಡೆಯಿತು.

“ಕೇಳಲು ಚೆನ್ನಾಗಿದೆ. ನಾಳೆ ಆಫೀಸಿನಲ್ಲಿ ಏನು ಮಾಡಲಿ?” ಎಂದ ಹುಡುಗ. ನ್ಯಾಯವಾದ ಪ್ರಶ್ನೆ.

ಮಠದಲ್ಲಿ ಓದುತ್ತಿದ್ದಾಗ ನನಗೆ ಮೊದಲ ಬಾರಿ ಪ್ರವಚನ ಒಪ್ಪಿಸಿದರು. ಬರೆದ ಹಾಳೆಗಳನ್ನು ಚಾಪೆಯಡಿ ಬಚ್ಚಿಟ್ಟು ಜ್ವರವೆಂದು ಮಲಗಿದೆ. ಗುರುಗಳು ಬೈಯಲಿಲ್ಲ. “ದಾಸೋಹದ ಅಡುಗೆಮನೆಗೆ ಹೋಗಿ ಅದನ್ನು ಓದು. ರೊಟ್ಟಿ ತಟ್ಟುವವರು ಎಲ್ಲಿ ಕೈ ನಿಲ್ಲಿಸಿ ಕೇಳುತ್ತಾರೋ ಅದು ಉಳಿಯಲಿ, ಎಲ್ಲಿ ಆಕಳಿಸುತ್ತಾರೋ ಅದನ್ನು ತಿದ್ದು” ಎಂದರು. ಹಾಗೆಯೇ ಮಾಡಿದೆ. ಅರ್ಧ ಹೋಯಿತು, ಅರ್ಧ ಉಳಿಯಿತು. ನಾನು ಸಾಯಲಿಲ್ಲ. ಪಂಡಿತರ ಸಭೆಯನ್ನು ನೆನೆದು ನಡುಗುತ್ತಿದ್ದವನಿಗೆ, ಆ ಮಾತು ಯಾರ ಉಪಯೋಗಕ್ಕೋ ಅವರ ಮುಖ ಕಂಡಿತು. ಕಂಡೊಡನೆ ಭಯ ಅರ್ಧವಾಯಿತು.

“ಮಗು, ಇಲ್ಲಿಯ ಕಿರಾಣಿ ಅಂಗಡಿಯವರಿಗೆ ಮೊದಲು ತೋರಿಸು” ಎಂದೆ. ಸಂಜೆ ಹೋದ. ಬಂದು ನಗುತ್ತ ಹೇಳಿದ: ಅಂಗಡಿಯವರು ನೋಡಿ, “ತಿಂಗಳ ಕೊನೆಗೆ ಬಾಕಿ ತೋರಿಸುತ್ತದೆ, ಸರಿ. ಅಡಿಕೆ ಮಾರಿದ ಮೇಲೆ ಕೊಡುತ್ತೇನೆ ಅಂದವರದ್ದನ್ನು ಎಲ್ಲಿ ಬರೆಯಲಿ?” ಎಂದರಂತೆ. ಮೂರು ತಿಂಗಳು ಒಬ್ಬನೇ ಕೊರಗಿದಾಗ ಕಾಣದ ಕೊರತೆ ಒಂದು ಗಳಿಗೆಯಲ್ಲಿ ಕಂಡಿತು. ಅದು ಲೆಕ್ಕದ ಕೊರತೆ, ಅವನ ಕೊರತೆಯಲ್ಲ. ಈ ವ್ಯತ್ಯಾಸ ತಿಳಿದ ದಿನವೇ ಕಾಯಕ ಹಗುರಾಗುತ್ತದೆ.

ಅಳುಕು ಪೂರ್ತಿ ಹೋಗಬೇಕೆಂದು ಕಾಯಬಾರದು. ಸಂದೇಹವೇ ಇಲ್ಲದವನು ಪರರ ಮಾತನ್ನು ಕೇಳುವುದಿಲ್ಲ. ಅವನ ಕೆಲಸ ಇನ್ನೂ ಅಪಾಯದ್ದು. ಅಳುಕಿದ್ದಂತೆಯೇ ಮಾಡಬೇಕು, ಬೇಗ ತೋರಿಸಬೇಕು, ತಿದ್ದಬೇಕು, ಕೊನೆಗೆ ಸಮಾಜಕ್ಕೆ ಒಪ್ಪಿಸಿ ಕೈತೊಳೆಯಬೇಕು. ಮಾಡುವಾಗ ಅದು ಕಾಯಕ, ಒಪ್ಪಿಸಿದಾಗ ದಾಸೋಹ. ಒಪ್ಪಿಸಿದ್ದನ್ನು ಮತ್ತೆ ನನ್ನದೆಂದು ಹಿಡಿದುಕೊಂಡರೆ ಅದೇ ಭಯದ ಬೀಜ.

ತಾಯಿತಂದೆಗಳಲ್ಲಿ ಒಂದು ಬಿನ್ನಹ. ದೂರದಿಂದ ಮಕ್ಕಳು ಫೋನು ಮಾಡಿದಾಗ ಸಂಬಳ, ಬಡ್ತಿಗಳನ್ನು ಮಾತ್ರ ವಿಚಾರಿಸಬೇಡಿ. “ಈ ವಾರ ಏನು ಮಾಡಿದೆ? ಎಲ್ಲಿ ತಪ್ಪಿತು?” ಎಂದು ಅಕ್ಕರೆಯಿಂದ ಕೇಳಿ. ತಪ್ಪನ್ನು ಹೇಳಿಕೊಳ್ಳಲು ಮನೆಯಲ್ಲಿ ಒಂದು ಜಗುಲಿ ಇದ್ದರೆ ಹೊರಗಿನ ಸಭೆಯಲ್ಲಿ ಮಕ್ಕಳ ಕಾಲು ನಡುಗುವುದಿಲ್ಲ.

ಹುಡುಗ ಮರುದಿನ ಬೆಂಗಳೂರಿಗೆ ಹೊರಟ. ರಾಜೀನಾಮೆಯ ಮಾತು ಬರಲಿಲ್ಲ. ಅಂಗಡಿಯವರ ಪ್ರಶ್ನೆಯನ್ನು ಬರೆದುಕೊಂಡ ಚೀಟಿ ಅವನ ಜೇಬಿನಲ್ಲಿತ್ತು.