ಅಡ್ಡಹೆಸರಿಲ್ಲದ ನಾಯಕ

ಬಾದಾಮಿಯ ಕೆಂಪು ಬಂಡೆ ಕಂಡೊಡನೆ ನನ್ನ ವಾರಿಗೆಯ ಸಿನಿಮಾ ಹುಚ್ಚರಿಗೆ ಇಟಲಿಯ ವೆಸ್ಟರ್ನ್ ಚಿತ್ರಗಳು ನೆನಪಾಗುತ್ತವೆ. ಸರ್ಜಿಯೋ ಲಿಯೋನೆ ಸ್ಪೇನಿನ ಅಲ್ಮೇರಿಯಾದ ಬೆಂಗಾಡನ್ನು ತೋರಿಸಿ ಇದೇ ಅಮೆರಿಕ ಎಂದು ಜಗತ್ತನ್ನು ನಂಬಿಸಿದ. ಹುನಗುಂದದ ಎರಿ ಹೊಲದಲ್ಲಿ, ಇಳಕಲ್ಲಿನ ಕಲ್ಲಿನ ಕ್ವಾರಿಯಲ್ಲಿ ನಾವೂ ಅದನ್ನೇ ಯಾಕೆ ಮಾಡಬಾರದು ಎಂಬುದು ಅವರ ವಾದ. ಒಂದು ಕುದುರೆ, ಒಂದು ಟೊಪ್ಪಿಗೆ, ಊರು ಹೆಸರಿಲ್ಲದ ಒಬ್ಬ ಠಕ್ಕ ಬಂದೂಕುಗಾರ ಇದ್ದರೆ ಕನ್ನಡದ ವೆಸ್ಟರ್ನ್ ತಯಾರಂತೆ. ಕುದುರೆ, ಟೊಪ್ಪಿಗೆಗಳ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆ ಹೆಸರಿಲ್ಲದವನ ಬಗ್ಗೆ.

ಅಂಥವನೊಬ್ಬ ಬಾಗಲಕೋಟೆ ಸೀಮೆಯ ಯಾವುದಾದರೂ ಚಹಾದಂಗಡಿಗೆ ಬಂದು ಕೂರಲಿ, ನೋಡೋಣ. ಚಹಾ ಬರುವ ಮೊದಲೇ "ಯಾವೂರಾತ್ರಿ?" ಎಂಬ ಪ್ರಶ್ನೆ ಬರುತ್ತದೆ. ಅದರ ಬೆನ್ನಿಗೇ "ಅಡ್ಡಹೆಸರೇನ್ರಿ?" ಅಷ್ಟಕ್ಕೂ ಜಾತಿ ತಿಳಿಯದಿದ್ದರೆ "ಯಾರ ಪೈಕಿ ಆತ್ರಿ?" ಲಾವಣಿ ಹುಡುಕಿಕೊಂಡು ಊರೂರು ತಿರುಗುವ ನನಗೆ ಈ ಮೂರು ಪ್ರಶ್ನೆಗಳು ತಪ್ಪಿದ ದಿನವಿಲ್ಲ. ಅಕ್ಕರೆಯಿಂದಲೇ ಕೇಳುತ್ತಾರೆ. ಉತ್ತರ ಕೇಳಿದ ಮೇಲೆ ಆ ಅಕ್ಕರೆ ಎಷ್ಟು ಉಳಿಯುತ್ತದೆ ಎಂಬುದು ಬೇರೆ ಮಾತು.

ಅಸಲಿಗೆ ಲಿಯೋನೆಯ ನಾಯಕನಿಗೂ ಹೆಸರಿತ್ತು. ಮೂರು ಚಿತ್ರಗಳಲ್ಲಿ ಅವನನ್ನು ಜೋ, ಮಾಂಕೋ, ಬ್ಲಾಂಡಿ ಎಂದು ಕರೆಯುತ್ತಾರೆ. 'ಹೆಸರಿಲ್ಲದ ಮನುಷ್ಯ' ಎಂಬುದು ಅಮೆರಿಕದ ವಿತರಕರ ಪ್ರಚಾರದ ಉಪಾಯ. 1966ರ 'ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ' ಚಿತ್ರವನ್ನು ಮತ್ತೊಮ್ಮೆ ನೋಡಿ. ಅಲ್ಲಿ ನಿಜವಾಗಿ ಉದ್ದನೆಯ ಹೆಸರಿರುವುದು ಬಡ ಮೆಕ್ಸಿಕನ್ ಟೂಕೋಗೆ. ಕುತ್ತಿಗೆಗೆ ನೇಣು ಬಿದ್ದಾಗಲೆಲ್ಲ ಅವನ ಹೆಸರನ್ನೂ ಅಪರಾಧಗಳ ಪಟ್ಟಿಯನ್ನೂ ಜೋರಾಗಿ ಓದುತ್ತಾರೆ. ಬ್ಲಾಂಡಿ ದೂರದಲ್ಲಿ ಕೂತು ಹಗ್ಗಕ್ಕೆ ಗುಂಡು ಹೊಡೆದು ಅವನನ್ನು ಬಿಡಿಸುತ್ತಾನೆ, ತಲೆಗೆ ಕಟ್ಟಿದ ಬಹುಮಾನದಲ್ಲಿ ಪಾಲು ಪಡೆಯುತ್ತಾನೆ. ತಮ್ಮಂಥ ಬಡವರಿಗೆ ಪಾದ್ರಿಯಾಗುವುದು ಇಲ್ಲವೇ ಡಕಾಯಿತನಾಗುವುದು, ಇವೆರಡೇ ದಾರಿ ಇದ್ದವು ಎಂದು ಟೂಕೋ ಪಾದ್ರಿಯಾದ ತನ್ನ ಅಣ್ಣನಿಗೆ ಹೇಳುತ್ತಾನೆ. ನಮ್ಮವರು ಬ್ಲಾಂಡಿಯ ಚುಟ್ಟಾ ನೋಡಿದರು, ಟೂಕೋನ ಮಾತು ಕೇಳಿಸಿಕೊಳ್ಳಲಿಲ್ಲ.

ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ 'ಶೋಲೆ'ಯಲ್ಲೂ (1975) ಇದೇ ಕಥೆ. ಪುಂಡ ನಾಯಕರಾದ ಜೈ, ವೀರುಗಳಿಗೆ ಅಡ್ಡಹೆಸರಿಲ್ಲ. ಅವರನ್ನು ಕೂಲಿಗೆ ಕರೆಸಿದ ಠಾಕೂರನಿಗೆ ಮಾತ್ರ ಜಾತಿಯೇ ಹೆಸರು.

ನಮ್ಮ ಜಿಲ್ಲೆಯಲ್ಲಿ ಬಂದೂಕಿನ ಕಥೆಗೇನೂ ಬರವಿಲ್ಲ. 1857ರಲ್ಲಿ ಕಂಪನಿ ಸರ್ಕಾರ ಆಯುಧ ಒಪ್ಪಿಸಿ ಎಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಸೈನ್ಯ ಊರಿಗೆ ಬೆಂಕಿ ಇಟ್ಟಿತು. ಸೆರೆ ಸಿಕ್ಕ ಹಲವರನ್ನು ಗಲ್ಲಿಗೇರಿಸಿದರು. ಅವರ ಲಾವಣಿಯನ್ನು ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಂಗ್ರಹಿಸಿ ಅಚ್ಚು ಹಾಕಿಸಿದ. 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು. ಮುಂದೆ ಅದು ಮುಂಬಯಿ ಪ್ರಾಂತಕ್ಕೂ ವಿಸ್ತರಿಸಿತು. ಇಡೀ ಸಮುದಾಯಗಳನ್ನು ಹುಟ್ಟುಗಳ್ಳರೆಂದು ದಫ್ತರಿನಲ್ಲಿ ಬರೆದಿಟ್ಟರು. 1952ರಲ್ಲಿ ಕಾಯ್ದೆ ಹೋಯಿತು. ಗಂಟಿಚೋರ ಎಂಬ ಹೆಸರು ಇನ್ನೂ ಜನರ ಮೈಮೇಲಿದೆ.

ಹುಟ್ಟಿನಿಂದಲೇ ಕಳ್ಳನೆನಿಸಿಕೊಂಡವನಿಗೆ ಠಕ್ಕತನ ಸೊಗಸಾಗಿ ಕಾಣುವುದಿಲ್ಲ. ಕಂಪನಿ ನಾಟಕಗಳು ಸಿಂಧೂರ ಲಕ್ಷ್ಮಣನನ್ನು ಕಳಂಕವಿಲ್ಲದ ವೀರನನ್ನಾಗಿ ಮಾಡಿದ್ದರ ಹಿಂದಿನ ಸಂಕಟ ಇದೇ ಎಂದು ನನಗನಿಸುತ್ತದೆ. ಬೇಡರವನೊಬ್ಬ ಸುಮ್ಮನೆ ಚೇಷ್ಟೆಗೆ ಸುಳ್ಳು ಹೇಳಿದರೆ, ಸ್ವಂತ ಹೊಟ್ಟೆಗೆ ಕದ್ದರೆ, ಆ ಕಳವು ಅವನೊಬ್ಬನದಾಗಿ ಉಳಿಯುವುದಿಲ್ಲ, ಕುಲದ ಲೆಕ್ಕಕ್ಕೆ ಹೋಗುತ್ತದೆ. ಆದ್ದರಿಂದ ಅವನು ರಂಗದ ಮೇಲೆ ಬಡವರಿಗೆ ಹಂಚಲಿಕ್ಕೇ ದೋಚಬೇಕು, ದೇಶಕ್ಕಾಗಿಯೇ ಸಾಯಬೇಕು. ಪುಂಡನಾಗಿಯೂ ಪ್ರೀತಿ ಗಿಟ್ಟಿಸುವ ಸವಲತ್ತು ಜಾತಿ ಹೇಳಬೇಕಾಗಿಲ್ಲದ ನಾಯಕನಿಗಷ್ಟೇ ಇದೆ.

ವೆಸ್ಟರ್ನ್ ಮಾಡುವ ಗೆಳೆಯರೇ, ಬಾದಾಮಿಗೆ ಖಂಡಿತ ಬನ್ನಿ. ಆದರೆ ನಿಮ್ಮ ನಾಯಕನಿಗೊಂದು ಅಡ್ಡಹೆಸರು ಕೊಡಿ, ಅದೂ ಕೇಳಿದೊಡನೆ ಚಹಾದಂಗಡಿ ಮೌನವಾಗುವಂಥದ್ದು. ಅವನನ್ನು ಸಂತನನ್ನಾಗಿ ಮಾಡಬೇಡಿ. ಸುಳ್ಳು ಹೇಳಲಿ, ಜೂಜಿನಲ್ಲಿ ಮೋಸ ಮಾಡಲಿ, ಸಿಕ್ಕಿದ್ದನ್ನು ಒಬ್ಬನೇ ಇಟ್ಟುಕೊಳ್ಳಲಿ. ಇಷ್ಟಾದ ಮೇಲೂ ಬಾಗಲಕೋಟೆಯ ಟಾಕೀಸಿನಲ್ಲಿ ಅವನಿಗೆ ಸಿಳ್ಳೆ ಬಿದ್ದರೆ, ಆಗ ಕನ್ನಡದಲ್ಲೊಂದು ವೆಸ್ಟರ್ನ್ ಹುಟ್ಟಿತೆಂದು ನಾನೂ ಒಪ್ಪುತ್ತೇನೆ.